ಹೆಸರಿನಲ್ಲಿ ಇಲ್ಲದವನು

ಫ್ಲೀಟ್‌ವುಡ್ ಮ್ಯಾಕ್ ಅಂದ ಕೂಡಲೇ ತುಂಬಾ ಜನರಿಗೆ ನೆನಪಾಗೋದು ಸ್ಟೀವಿ ನಿಕ್ಸ್ ದನಿ, ೧೯೭೭ರ 'ರೂಮರ್ಸ್'. ನನಗೆ ಮಾತ್ರ ನೆನಪಾಗೋದು ಆ ಹೆಸರಿನಲ್ಲಿ ಇಲ್ಲದ ಒಬ್ಬ ಮನುಷ್ಯ. ಪೀಟರ್ ಗ್ರೀನ್.

೧೯೬೬ರಲ್ಲಿ ಎರಿಕ್ ಕ್ಲ್ಯಾಪ್ಟನ್ ಬಿಟ್ಟುಹೋದ ಜಾಗಕ್ಕೆ ಜಾನ್ ಮೇಯಲ್‌ನ ಬ್ಲೂಸ್‌ಬ್ರೇಕರ್ಸ್ ಸೇರಿದ ಲಂಡನ್ ಹುಡುಗ ಈತ. ಇಪ್ಪತ್ತೂ ತುಂಬಿರಲಿಲ್ಲ. ಮೇಯಲ್ ಉಡುಗೊರೆಯಾಗಿ ಕೊಡಿಸಿದ ಸ್ಟುಡಿಯೋ ಸಮಯದಲ್ಲಿ ಗ್ರೀನ್ ಒಂದಷ್ಟು ರೆಕಾರ್ಡ್ ಮಾಡಿದ. ಡ್ರಮ್ಸ್‌ಗೆ ಮಿಕ್ ಫ್ಲೀಟ್‌ವುಡ್, ಬೇಸ್ ಗಿಟಾರಿಗೆ ಜಾನ್ ಮ್ಯಾಕ್‌ವೀ. ಅದರಲ್ಲಿ ಹಾಡುಗಾರಿಕೆ ಇಲ್ಲದ ಒಂದು ತುಣುಕಿಗೆ ಇಬ್ಬರ ಹೆಸರನ್ನೂ ಸೇರಿಸಿ 'ಫ್ಲೀಟ್‌ವುಡ್ ಮ್ಯಾಕ್' ಅಂತ ಕರೆದ. ೧೯೬೭ರಲ್ಲಿ ಸ್ವಂತ ತಂಡ ಕಟ್ಟಿದಾಗಲೂ ಅದೇ ಹೆಸರು!

ತಮಾಷೆ ಏನು ಗೊತ್ತಾ? ಆ ವರ್ಷ ಆಗಸ್ಟ್ ೧೩ರಂದು ವಿಂಡ್ಸರ್ ಉತ್ಸವದಲ್ಲಿ ತಂಡ ಮೊದಲ ಸಲ ವೇದಿಕೆ ಹತ್ತಿದಾಗ ಹೆಸರಿನಲ್ಲಿದ್ದ 'ಮ್ಯಾಕ್' ತಂಡದಲ್ಲೇ ಇರಲಿಲ್ಲ. ಮೇಯಲ್ ಹತ್ತಿರ ಸಿಗುತ್ತಿದ್ದ ಸಂಬಳ ಬಿಟ್ಟು ಬರೋಕೆ ಮ್ಯಾಕ್‌ವೀಗೆ ಮನಸ್ಸಾಗಿರಲಿಲ್ಲ. ಅವತ್ತು ಬೇಸ್ ನುಡಿಸಿದ್ದು ಬಾಬ್ ಬ್ರನಿಂಗ್. ಮ್ಯಾಕ್‌ವೀ ಬಂದದ್ದು ಆಮೇಲೆ.

೧೯೬೮ರ ಫೆಬ್ರವರಿಯಲ್ಲಿ ಬಂದ ಮೊದಲ ಆಲ್ಬಂ ಅಪ್ಪಟ ಬ್ಲೂಸ್. ಜೆರೆಮಿ ಸ್ಪೆನ್ಸರ್ ಸ್ಲೈಡ್ ಗಿಟಾರಿನಲ್ಲಿ ಎಲ್ಮೋರ್ ಜೇಮ್ಸ್‌ನನ್ನೇ ಮೈಮೇಲೆ ಬರಿಸಿಕೊಂಡ ಹಾಗೆ ನುಡಿಸುತ್ತಾನೆ. ಗ್ರೀನ್‌ನದು ಬೇರೆಯೇ ದಾರಿ. ನಾಲ್ಕೇ ಸ್ವರ ನುಡಿಸಿ, ಸುಮ್ಮನಾಗಿ, ಆ ಮೌನವನ್ನೂ ಕೇಳಿಸುತ್ತಾನೆ. ಸಾಂಟಾನಾ ಹಾಡು ಅಂತ ನಾವೆಲ್ಲ ಅಂದುಕೊಂಡಿರೋ 'ಬ್ಲ್ಯಾಕ್ ಮ್ಯಾಜಿಕ್ ವುಮನ್' ಮೂಲದಲ್ಲಿ ಇವನದೇ. ಒಂದೂ ಮಾತಿಲ್ಲದ 'ಆಲ್ಬಟ್ರಾಸ್' ೧೯೬೯ರ ಜನವರಿಯಲ್ಲಿ ಬ್ರಿಟನ್ನಿನ ನಂಬರ್ ಒನ್ ಆಯ್ತು.

ದುಡ್ಡು, ಹೆಸರು ಎರಡೂ ಬಂದ ಹೊತ್ತಿಗೆ ಗ್ರೀನ್‌ಗೆ ಅದೇ ಭಾರವಾಗತೊಡಗಿತು. ಗಳಿಸಿದ್ದನ್ನ ದಾನ ಮಾಡಿಬಿಡೋಣ ಅಂದ, ಉಳಿದವರು ಒಪ್ಪಲಿಲ್ಲ. ಎಲ್‌ಎಸ್‌ಡಿ ಬೇರೆ. ೧೯೭೦ರ ಮೇ ತಿಂಗಳಲ್ಲಿ ತಂಡ ಬಿಟ್ಟ. ಆಮೇಲೆ ಮನೋರೋಗ, ಆಸ್ಪತ್ರೆ, ವರ್ಷಗಟ್ಟಲೆ ಮೌನ... ತೊಂಬತ್ತರ ದಶಕದಲ್ಲಿ ಮತ್ತೆ ಗಿಟಾರ್ ಹಿಡಿದ. ೨೦೨೦ರ ಜುಲೈನಲ್ಲಿ ತೀರಿಕೊಂಡ.

ತನ್ನ ಹೆಸರು ಯಾಕಿಡಲಿಲ್ಲ? ನಾನು ಯಾವತ್ತಾದರೂ ಹೊರಟುಹೋದರೆ ಇವರಿಬ್ಬರ ಕೈಯಲ್ಲಿ ಏನಾದರೂ ಉಳಿಯಬೇಕು ಅನ್ನೋದು ಅವನ ಯೋಚನೆಯಾಗಿತ್ತು ಅಂತ ಮಿಕ್ ಫ್ಲೀಟ್‌ವುಡ್ ಹೇಳಿದ್ದಾನೆ. ಹಾಗೇ ಆಯ್ತು. ಗ್ರೀನ್ ಹೋದ, ಸ್ಪೆನ್ಸರ್ ಹೋದ, ಎಷ್ಟೋ ಜನ ಬಂದು ಹೋದರು. ಡ್ರಮ್ಮಿನವನೂ ಬೇಸಿನವನೂ ದಶಕಗಟ್ಟಲೆ ಅದೇ ಹೆಸರಿನಲ್ಲಿ ಅನ್ನ ತಿಂದರು. ಕಟ್ಟಿದ ಮನೆಗೆ ಜೊತೆಗಾರರ ಹೆಸರಿಡೋ ಗುಣ ಇಪ್ಪತ್ತರ ಹುಡುಗನಿಗೆ ಎಲ್ಲಿಂದ ಬಂತೋ!

'ರೂಮರ್ಸ್' ಕೇಳಿರುವವರು ಒಮ್ಮೆ ಆ ಮೊದಲ ಆಲ್ಬಂ ಕೇಳಿ. ಹೇಗನ್ನಿಸಿತು ಹೇಳಿ.