ಬ್ರೇಕ್ ದೀಪವೂ ನನ್ನ ಮರೆವೂ

ನಮ್ಮ ಮನೆಯಲ್ಲಿ ಕಾರು ಕೆಟ್ಟರೆ ತಪ್ಪು ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಅದು ನನ್ನದೇ. 2003ರಲ್ಲಿ ಕೊಂಡ ಪುಟ್ಟ ಬಿಳಿ ಕಾರನ್ನು ಹತ್ತು ವರ್ಷ ನಮ್ಮವರೇ ಓಡಿಸಿದರು. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ "ಇನ್ನು ನೀನೇ ಓಡಿಸು ಮಾರಾಯ್ತಿ" ಎಂದು ಕೀಲಿಯನ್ನು ನನ್ನ ಕೈಗಿತ್ತರು. ಕೀಲಿ ಕೊಟ್ಟರೇ ಹೊರತು, ಪಕ್ಕದ ಸೀಟಿನಲ್ಲಿ ಕುಳಿತು ಬಾಯಲ್ಲಿ ಓಡಿಸುವುದನ್ನು ಮಾತ್ರ ಬಿಡಲಿಲ್ಲ.

2019ರ ಮಳೆಗಾಲ. ತೀರ್ಥಹಳ್ಳಿಯ ಮಳೆ ನಿಮಗೆ ಗೊತ್ತಿದ್ದರೆ ಆ ದಿನಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಣಹಾಕಿದ ಬಟ್ಟೆ ಮೂರು ದಿನವಾದರೂ ಹಸಿ, ಹಗಲಲ್ಲೂ ದೀಪ. ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾರು "ಟಕ್" ಎಂದು ಸುಮ್ಮನಾಯಿತು.

"ರಾತ್ರಿ ಲೈಟ್ ಹಾಕೇ ಬಂದಿದ್ದೀಯ" ಎಂದರು ಇವರು.

ಇರಬಹುದು ಎಂದುಕೊಂಡೆ. ಎದುರುಮನೆಯವರ ಜೀಪಿನಿಂದ ವೈರು ಎಳೆದು ಹೇಗೋ ಹೊರಡಿಸಿದ್ದಾಯಿತು. ಮೂರು ದಿನ ಸರಿಯಿತ್ತು. ನಾಲ್ಕನೆಯ ಬೆಳಿಗ್ಗೆ ಮತ್ತೆ ಟಕ್. ಗ್ಯಾರೇಜಿನ ಹುಡುಗ ಬಂದು, "ಅಕ್ಕಾ, ಬ್ಯಾಟರಿ ಮುಗೀತು" ಎಂದು ಹೊಸದನ್ನು ಕೂರಿಸಿ ಮೂರು ಸಾವಿರದ ಚಿಲ್ಲರೆ ಎಣಿಸಿಕೊಂಡು ಹೋದ. ವಾರ ಕಳೆಯುವುದರೊಳಗೆ ಹೊಸ ಬ್ಯಾಟರಿಯೂ ಮಲಗಿತು. ಆತ ಡೈನಮೊ ನೋಡಿದ, ಚಾರ್ಜು ನೋಡಿದ, ಎಲ್ಲ ಸರಿಯಿದೆ ಎಂದ. ಕೊನೆಗೆ ನನ್ನ ಮುಖ ನೋಡಿ ಬಹಳ ಮೆತ್ತಗೆ, "ಲೈಟ್ ಆಫ್ ಮಾಡೋದು ಮರೀಬೇಡಿ ಅಕ್ಕಾ" ಎಂದ. ಆ ಮೆತ್ತನೆಯ ದನಿ ನನ್ನನ್ನು ಇವರ ಬೈಗುಳಕ್ಕಿಂತ ಹೆಚ್ಚು ಅಳುಕಿಸಿತು.

ಕಾರಣವಿದೆ. ನಮ್ಮಮ್ಮನಿಗೆ ಮರೆವು ಶುರುವಾದದ್ದು ಹೀಗೇ. ಮೊದಲು ಹಾಲು ಉಕ್ಕಿಸಿದಳು, ಆಮೇಲೆ ಬೀಗ ಹಾಕಿದ್ದನ್ನು ಮರೆತಳು, ಕೊನೆಕೊನೆಗೆ ನನ್ನನ್ನೇ "ಯಾರ ಮನೆ ಹುಡುಗಿ ನೀನು?" ಎಂದು ಕೇಳಿದಳು. ಆಗ ಅವಳಿಗೆ ಅರವತ್ತೆರಡು. ನನಗೆ ಐವತ್ತೆಂಟು. ಅಂದಿನಿಂದ ರಾತ್ರಿ ಕಾರು ನಿಲ್ಲಿಸಿದ ಮೇಲೆ ಒಂದೊಂದು ಸ್ವಿಚ್ಚನ್ನೂ ಮುಟ್ಟಿ ನೋಡಿ, ಒಳಗೆ ಬಂದು, ಮತ್ತೆ ಕೊಡೆ ಹಿಡಿದು ಹೋಗಿ ನೋಡಿ ಬರತೊಡಗಿದೆ. ಗ್ಯಾಸು, ಪಂಪು, ಹಿತ್ತಿಲ ಬಾಗಿಲು, ಎಲ್ಲವೂ ಎರಡೆರಡು ಸಲ. ಆದರೂ ಬೆಳಿಗ್ಗೆ ಟಕ್. ಹಾಗಾದರೆ ನೋಡಿ ಬಂದೆನೆಂಬುದೂ ನನ್ನ ಭ್ರಮೆಯೇ? ಇದನ್ನು ಯಾರ ಹತ್ತಿರ ಹೇಳುವುದು?

ಒಂದು ದಿನ ಬೆಳಗಿನ ನಾಲ್ಕು ಗಂಟೆಗೆ ಅತ್ತೆಗೆ ಉಬ್ಬಸ ಹೆಚ್ಚಾಯಿತು. ಕಾರು ಏಳಲಿಲ್ಲ. ಪಕ್ಕದ ಬೀದಿಯ ಆಟೋದವನನ್ನು ಎಬ್ಬಿಸಿ ಆಸ್ಪತ್ರೆಗೆ ಸೇರಿಸುವಾಗ ಇವರು ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು. ಅತ್ತೆಗೆ ಆಮ್ಲಜನಕ ಕೊಟ್ಟು ಮಧ್ಯಾಹ್ನದ ಹೊತ್ತಿಗೆ ಸುಧಾರಿಸಿತು. ಸ್ವಲ್ಪ ಚೇತರಿಸಿಕೊಂಡವರೇ "ಅವಳನ್ನು ಬಯ್ಯಬೇಡ ಕಣೋ" ಎಂದರಂತೆ ಮಗನಿಗೆ.

ಎರಡು ದಿನ ಬಿಟ್ಟು ಅವರನ್ನು ದೊಡ್ಡ ಡಾಕ್ಟರಿಗೆ ತೋರಿಸಲು ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆ ಹತ್ತಿರ ಹಿಂದಿನ ಲಾರಿಯೊಂದು ಹಾರ್ನು ಬಡಿದೂ ಬಡಿದೂ, ಮುಂದೆ ದಾಟುವಾಗ ಅದರ ಡ್ರೈವರ್ ತಲೆ ಹೊರಹಾಕಿ, "ಅಮ್ಮಾ, ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಲ್ರೀ!" ಎಂದು ಕೂಗಿ ಹೋದ. ಹೆಂಗಸು ಸ್ಟಿಯರಿಂಗ್ ಹಿಡಿದರೆ ದಾರಿಯುದ್ದಕ್ಕೂ ಮೇಷ್ಟರುಗಳೇ. ಗಂಟು ಮುಖ ಹಾಕಿಕೊಂಡು ಮುಂದುವರಿದೆ. ನನ್ನ ಕಾಲು ಬ್ರೇಕಿನ ಮೇಲಿರಲಿಲ್ಲ. ಅವನು ಸುಳ್ಳು ಹೇಳಲೂ ಇಲ್ಲ. ಅದು ಆ ರಾತ್ರಿ ಗೊತ್ತಾಯಿತು.

ನೀರು ಕುಡಿಯಲೆಂದು ಎದ್ದವಳು ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಕಾಂಪೌಂಡಿನ ಪಕ್ಕದ ದಾಸವಾಳದ ಗಿಡ ಕೆಂಪಗೆ ಹೊಳೆಯುತ್ತಿದೆ. ಹೂವಲ್ಲ, ಎಲೆಗಳು. ಕಾರಿನ ಹಿಂಭಾಗ ಯಾವಾಗಲೂ ಆ ಗೋಡೆಯ ಕಡೆಗೇ. ಬೀದಿಯಿಂದ ಯಾರಿಗೂ ಕಾಣದು. ಇವರನ್ನು ಎಬ್ಬಿಸಿದೆ. "ನೋಡು, ಪಾರ್ಕಿಂಗ್ ಲೈಟು" ಎಂದರು. "ಅದಾದರೆ ಮುಂದಿನದೂ ಉರೀಬೇಕಲ್ರೀ?" ಎಂದೆ. ಮುಂದೆ ಕತ್ತಲು. ಸ್ವಿಚ್ಚೂ ಆಫ್ ಆಗಿತ್ತು. ಹಿಂದಿನ ಒಂದೇ ಬಲ್ಬಿನಲ್ಲಿ ಎರಡು ತಂತಿಗಳಿರುತ್ತವೆ: 5 ವ್ಯಾಟಿನದು ಪಾರ್ಕಿಂಗಿಗೆ, 21 ವ್ಯಾಟಿನದು ಬ್ರೇಕಿಗೆ. ಇದು ದೊಡ್ಡ ಬೆಳಕು. ನಮ್ಮ ಕಾರಿನಲ್ಲಿ ಬ್ರೇಕ್ ದೀಪಕ್ಕೆ ಕೀಲಿಯ ಹಂಗಿಲ್ಲ, ಕೀಲಿ ತೆಗೆದರೂ ಉರಿಯುತ್ತದೆ. ಇವರು ಪೆಡಲ್ ತುಳಿದರು, ಬಿಟ್ಟರು, ಕಾಲ್ಬೆರಳಿನಿಂದ ಮೇಲಕ್ಕೆತ್ತಿದರು. ದೀಪ ಕದಲಲಿಲ್ಲ. ಬ್ಯಾಟರಿಯ ಕಪ್ಪು ವೈರು ಬಿಚ್ಚಿಟ್ಟು ಮಲಗಿದೆವು. ನಿದ್ದೆಯೇನೂ ಬರಲಿಲ್ಲ; ಲೆಕ್ಕ ಹಾಕುತ್ತಿದ್ದೆ. ಎರಡು ಬಲ್ಬಿಗೆ 42 ವ್ಯಾಟು, 12 ವೋಲ್ಟಿಗೆ ಮೂರೂವರೆ ಆಂಪಿಯರು. ಬ್ಯಾಟರಿಯ ಮೇಲೆ 35 ಎಂದು ಬರೆದಿದೆ. ಹತ್ತು ಗಂಟೆಗೆ ಖಾಲಿ. ರಾತ್ರಿ ಎಂಟಕ್ಕೆ ನಿಲ್ಲಿಸಿದರೆ ಬೆಳಿಗ್ಗೆ ಆರಕ್ಕೆ ಟಕ್.

ಬೆಳಿಗ್ಗೆ ಗ್ಯಾರೇಜಿಗೆ ಫೋನು ಮಾಡುವ ಮುಂಚೆ ಕಾರು ಗುಡಿಸಲು ಹೋದೆ. ರಿಪೇರಿಗೆ ಬರುವವರೆದುರು ಕಸ ಇರಬಾರದೆಂಬುದು ನಮ್ಮ ಹೆಂಗಸರ ಹುಚ್ಚು. ಪೆಡಲಿನ ಕೆಳಗಿನ ಮ್ಯಾಟಿನ ಮೇಲೆ ಕಡಲೆಬೇಳೆಯ ನುಚ್ಚಿನಂಥ ಹಳದಿ ಪ್ಲಾಸ್ಟಿಕ್ ಚೂರುಗಳು. ಹಿಂದೊಮ್ಮೆಯೂ ಇಂಥವು ಸಿಕ್ಕಿದ್ದವು. ಮೊಮ್ಮಗನ ಆಟದ ಸಾಮಾನಿನದೆಂದು ಎಸೆದಿದ್ದೆ. ಈ ಸಲ ಮೊಮ್ಮಗ ಬೆಂಗಳೂರಿನಲ್ಲಿದ್ದ.

ಟಾರ್ಚು ಹಿಡಿದು, ಸೀರೆ ಎತ್ತಿ ಕಟ್ಟಿ, ಸೀಟಿನ ಮೇಲೆ ಹೊಟ್ಟೆ ಹಾಕಿ ತಲೆ ಕೆಳಗೆ ಮಾಡಿ ನೋಡಿದೆ. ಪೆಡಲಿನ ತೋಳು ಮೇಲೆ ಹೋಗಿ ಸೇರುವಲ್ಲಿ ಒಂದು ಸ್ವಿಚ್ಚು, ಅದಕ್ಕೊಂದು ಗುಂಡಿ. ಎಲ್ಲೋ ನೋಡಿದ್ದೇನಲ್ಲ ಎನಿಸಿತು. ನೋಡಿರುವುದು ದಿನವೂ, ಫ್ರಿಜ್ಜಿನಲ್ಲಿ! ಬಾಗಿಲು ಮುಚ್ಚಿದಾಗ ಗುಂಡಿ ಒಳಗೆ ಒತ್ತಿಕೊಂಡು ದೀಪ ಆರುತ್ತದೆ, ತೆರೆದಾಗ ಗುಂಡಿ ಹೊರಬಂದು ಉರಿಯುತ್ತದೆ. ಇಲ್ಲೂ ಅದೇ. ಪೆಡಲು ಸುಮ್ಮನಿದ್ದಾಗ ಗುಂಡಿಯನ್ನು ಒತ್ತಿಹಿಡಿದಿರುತ್ತದೆ, ತುಳಿದಾಗ ದೂರ ಸರಿಯುತ್ತದೆ. ಆದರೆ ಗುಂಡಿಗೆ ಎದುರಾಗಿ ಪೆಡಲಿನ ತೋಳಿನಲ್ಲಿ ಇದ್ದದ್ದು ಬರೀ ತೂತು. ಆ ತೂತಿನಲ್ಲೊಂದು ಪ್ಲಾಸ್ಟಿಕ್ ಬಿರಡೆ ಇರಬೇಕು. ಹದಿನಾರು ವರ್ಷ ಗುಂಡಿಯ ಒತ್ತು ತಿಂದು, ಬಿಸಿಲಿಗೆ ಕಾದು ಅದು ಪುಡಿಯಾಗಿದೆ. ಬಿರಡೆಯಿಲ್ಲದೆ ಗುಂಡಿ ತೂತಿನೊಳಕ್ಕೇ ನುಗ್ಗಿದೆ. ಫ್ರಿಜ್ಜಿನ ಬಾಗಿಲು ಸದಾ ತೆರೆದ ಹಾಗೆ. ಮೊದಲ ದಿನಗಳಲ್ಲಿ ಒಡೆದ ತುಂಡು ತೂತಿನಲ್ಲಿ ಅಡ್ಡ ಸಿಕ್ಕಿಕೊಂಡಿದ್ದಿರಬೇಕು. ಅದಕ್ಕೇ ಒಂದು ದಿನ ಸರಿ, ಒಂದು ದಿನ ಇಲ್ಲ, ಗ್ಯಾರೇಜಿನವನು ಬಂದಾಗಲಂತೂ ಏನೂ ಇಲ್ಲ.

ವೈರು ಮತ್ತೆ ಸೇರಿಸಿ, ಇವರನ್ನು ಹಿಂದೆ ದಾಸವಾಳದ ಹತ್ತಿರ ನಿಲ್ಲಿಸಿ, ಗುಂಡಿಯನ್ನು ಬೆರಳಿನಿಂದ ಒತ್ತಿದೆ.

"ಆರಿತು!" ಎಂದು ಕೂಗಿದರು. ಬಿಟ್ಟೆ. "ಹತ್ತಿತು!" ಮತ್ತೆ ಒತ್ತಿದೆ. ಹೀಗೆ ಹತ್ತು ಸಲವಾದರೂ ಮಾಡಿರಬೇಕು. ಅಷ್ಟು ಬೇಕಿರಲಿಲ್ಲ.

ಅಂದಿನ ಮಟ್ಟಿಗೆ ತೂತಿನ ಮೇಲೆ ಒಂದು ರೂಪಾಯಿಯ ನಾಣ್ಯವಿಟ್ಟು ಟೇಪು ಸುತ್ತಿದೆ. ಅದು ಬಿದ್ದುಹೋಗಬಹುದೆಂದು ಕಾರನ್ನು ಎಲ್ಲಿಗೂ ಒಯ್ಯಲಿಲ್ಲ. ಮರುದಿನ ಇವರೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬಿರಡೆ ತಂದರು, ಇಪ್ಪತ್ತು ರೂಪಾಯಿ. ಬಸ್ಸಿನ ಚಾರ್ಜು ಅದಕ್ಕಿಂತ ಹೆಚ್ಚು. ಗ್ಯಾರೇಜಿನ ಹುಡುಗ ಅದನ್ನು ಕೂರಿಸುತ್ತಾ, "ಇದು ನಂಗೆ ಹೊಳೀಲೇ ಇಲ್ಲ ಅಕ್ಕಾ" ಎಂದ. ಪ್ರಾಮಾಣಿಕ ಹುಡುಗ. ಹಳೆಯ ಬ್ಯಾಟರಿಯ ಮಾತನ್ನು ಮಾತ್ರ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬ್ಯಾಟರಿಯ ಖರ್ಚಿಗಿಂತ ನನ್ನನ್ನು ಕಾಡಿದ್ದು ಆ ಲಾರಿಯವನು. ಸದಾ ಉರಿಯುವ ಬ್ರೇಕ್ ದೀಪ, ಸದಾ ಗೊಣಗುವ ಮುದುಕನ ಹಾಗೆ. ನಿಜವಾಗಿ ನೋವಾದಾಗ ಹೇಳಿದರೂ ಯಾರಿಗೂ ತಿಳಿಯದು. ಗಂಟೆಗೆ 60 ಕಿಲೋಮೀಟರು ವೇಗವೆಂದರೆ ಕಣ್ಣು ಮಿಟುಕಿಸಿ ಎಚ್ಚರಾಗುವ ಒಂದು ಸೆಕೆಂಡಿನಲ್ಲಿ 17 ಮೀಟರು. ಹಿಂದಿನ ಸೀಟಿನಲ್ಲಿ ಅತ್ತೆ ತಲೆವಾಲಿಸಿ ಮಲಗಿದ್ದರು. ಮಂಡಗದ್ದೆಯ ಆ ತಿರುವಿನಲ್ಲಿ ದನವೊಂದು ಅಡ್ಡ ಬಂದು ನಾನು ಗಕ್ಕನೆ ನಿಲ್ಲಿಸಿದ್ದರೆ, ಹಿಂದಿದ್ದ ಲಾರಿಗೆ ಗೊತ್ತಾಗುತ್ತಿದ್ದದ್ದು ಹೇಗೆ?

ಆ ರಾತ್ರಿ ಮಲಗುವ ಮುಂಚೆ ಕಿಟಕಿಯಿಂದ ನೋಡಿದೆ. ದಾಸವಾಳ ಕತ್ತಲಲ್ಲಿತ್ತು. "ಗ್ಯಾಸ್ ಆರಿಸಿದೆಯೇನೇ?" ಎಂದು ಕೇಳಿದರು ಇವರು, ಅಭ್ಯಾಸಬಲದಿಂದ.

"ಆರಿಸಿದೀನ್ರೀ" ಎಂದೆ. ಎದ್ದು ನೋಡಲು ಹೋಗಲಿಲ್ಲ.