ಬೈಸಿಕಲ್ಲಿನ ಮೇಲೆ ಪೋರೂರು

ಪೋರೂರಿನಲ್ಲಿ ಬೈಸಿಕಲ್ ಸವಾರಿ ಮಾಡುತ್ತೇವೆಂದು ಹೇಳಿದರೆ ಸಂಘದ ಮಿತ್ರರು ನಮ್ಮನ್ನು ಕನಿಕರದಿಂದ ನೋಡುತ್ತಾರೆ. ಅವರ ಕನಿಕರ ನಿಷ್ಕಾರಣವೇನೂ ಅಲ್ಲ. ಆರ್ಕಾಟ್ ರಸ್ತೆ, ಮೌಂಟ್-ಪೂನಮಲ್ಲಿ ರಸ್ತೆ, ಕುಂಡ್ರತ್ತೂರು ರಸ್ತೆ, ಈ ಮೂರೂ ಬಂದು ಕೂಡುವ ನಮ್ಮ ವೃತ್ತದಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಕಾಲುನಡಿಗೆಯವನು ಆಚೆ ದಡ ಸೇರಬೇಕಾದರೆ ಮನೆದೇವರನ್ನು ನೆನೆಯಬೇಕು. ತಮಿಳಿನಲ್ಲಿ ‘ಪೋರ್’ ಎಂದರೆ ಯುದ್ಧ. ನಮ್ಮ ‘ಹೋರಾಟ’ದ ‘ಹೋರು’ ಕೂಡ ಹಳಗನ್ನಡದಲ್ಲಿ ‘ಪೋರ್’ ಆಗಿತ್ತು. ಊರಿಗೆ ಈ ಹೆಸರು ಹೇಗೇ ಬಂದಿರಲಿ, ಆ ಹೊತ್ತಿನಲ್ಲಿ ಅದು ಎರಡು ಭಾಷೆಯಲ್ಲೂ ಸಾರ್ಥಕವಾಗುತ್ತದೆ.

ಆದರೆ ಇದೇ ಪೋರೂರಿಗೆ ಇನ್ನೊಂದು ಮುಖವುಂಟು. ಅದನ್ನು ನೋಡಬೇಕಾದವರು ಭಾನುವಾರ ಬೆಳಿಗ್ಗೆ ಐದು ಗಂಟೆಗೆ ಬಾಗಿಲು ತೆರೆಯಬೇಕು. ಹಾಲಿನ ಪೊಟ್ಟಣ ಹಂಚುವ ಹುಡುಗರು, ದೀಪದ ಕಂಬದ ಕೆಳಗೆ ಕುಳಿತು ಪತ್ರಿಕೆಗಳನ್ನು ಮಡಿಸುವವರು, ಮೊದಲ ಹಾಲು ಕಾಯಿಸುತ್ತಿರುವ ಟೀ ಅಂಗಡಿಯವರು, ಇವರನ್ನು ಬಿಟ್ಟರೆ ರಸ್ತೆಯ ಮೇಲೆ ನಾಯಿಗಳು ಮಾತ್ರ. ಹಗಲೆಲ್ಲ ಹಾರನ್ನಿನ ಅಬ್ಬರದಲ್ಲಿ ಮುಳುಗಿಹೋಗಿದ್ದ ಸದ್ದುಗಳು ಆಗ ಒಂದೊಂದಾಗಿ ಕೇಳಿಸುತ್ತವೆ. ಚೈನು ತಿರುಗುವ ಸದ್ದು, ಯಾರದೋ ಅಂಗಳಕ್ಕೆ ನೀರು ಚಿಮುಕಿಸುವ ಸದ್ದು, ದೇವಸ್ಥಾನದ ಗಂಟೆ.

ಇಂಗ್ಲೆಂಡಿನಲ್ಲಿ ನೆಲಸಿರುವ ನಮ್ಮ ಬಂಧುಗಳು ಅಲ್ಲಿನ ಹಳ್ಳಿದಾರಿಗಳ ಸೈಕಲ್ ವಿಹಾರವನ್ನು ಬಾಯಿತುಂಬ ಹೊಗಳುತ್ತಾರೆ. ಎರಡೂ ಕಡೆ ಬೇಲಿಗಿಡ, ನಡುವೆ ಸಣ್ಣ ದಾರಿ, ಗಂಟೆಗೊಂದು ಮೋಟಾರು ಬಂದರೆ ಹೆಚ್ಚಂತೆ. ಆ ದೇಶದವರಿಗೆ ಇದು ಹಳೆಯ ಹವ್ಯಾಸ. ಸೈಕಲ್ ಪ್ರವಾಸಿಗಳ ಸಂಘವೊಂದು ಅಲ್ಲಿ 1878ರಲ್ಲಿಯೇ ಹುಟ್ಟಿತು. ರೈಲು ನಿಂತುಹೋದ ಹಳೆಯ ಹಾದಿಗಳನ್ನು ಸಹ ಅವರು ವ್ಯರ್ಥವಾಗಲು ಬಿಡಲಿಲ್ಲ. ಬ್ರಿಸ್ಟಲ್ ಮತ್ತು ಬಾತ್ ಪಟ್ಟಣಗಳ ನಡುವಿನ ಅಂಥ ಹಾದಿಯನ್ನು 1979ರಿಂದ 1986ರವರೆಗೆ ಸ್ವಯಂಸೇವಕರು ದುಡಿದು ಸೈಕಲ್ ಸವಾರರಿಗೂ ನಡೆಯುವವರಿಗೂ ಸಜ್ಜುಗೊಳಿಸಿದರು. ಹದಿಮೂರು ಮೈಲಿಯ ಆ ದಾರಿಯಲ್ಲಿ ಮೋಟಾರಿನ ಕಾಟವೇ ಇಲ್ಲ. ಅವರು ನೆಮ್ಮದಿಯ ದಾರಿಯನ್ನು ಕಟ್ಟಿಕೊಂಡರು. ನಾವು ನೆಮ್ಮದಿಯ ಹೊತ್ತನ್ನು ಹುಡುಕಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ.

ಬೈಸಿಕಲ್ಲಿನ ಮಟ್ಟಿಗೆ ಹೇಳುವುದಾದರೆ ಇಂಗ್ಲೆಂಡು ನಮ್ಮ ನೆರೆಮನೆಗೇ ಬಂದಿತ್ತು. ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್ ಸೈಕಲ್ಲನ್ನು ಇಲ್ಲಿಯೇ ತಯಾರಿಸುವ ಸಲುವಾಗಿ ಮುರುಗಪ್ಪ ಮನೆತನದವರೂ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪೆನಿಯವರೂ 1949ರಲ್ಲಿ ಕೂಡಿಕೊಂಡರು. ಕಾರ್ಖಾನೆ ಎದ್ದದ್ದು ಪೋರೂರಿಗೆ ಉತ್ತರದ ಅಂಬತ್ತೂರಿನಲ್ಲಿ. ನಮ್ಮ ಕಡೆಯ ಹಳ್ಳಿಗಳಲ್ಲಿ ಮೇಷ್ಟರೂ ಟಪಾಲಿನವರೂ ತುಳಿಯುತ್ತಿದ್ದ ಹರ್ಕ್ಯುಲಿಸ್ ಇಲ್ಲಿಂದ ಬಂದದ್ದಿರಬೇಕೆಂದು ಈ ಊರಿಗೆ ಬಂದ ಮೇಲೆ ನಮಗೆ ತಿಳಿದು ಸಂತೋಷವಾಯಿತು. ನಮಗಿಂತ ಮೊದಲೇ ನಮ್ಮ ಊರಿಗೂ ಈ ಊರಿಗೂ ನಂಟಿತ್ತು!

ನಮ್ಮ ಸವಾರಿಯ ಮೊದಲ ನಿಲುಗಡೆ ಪೋರೂರಿನ ಕೆರೆ. ಬೈಪಾಸ್ ರಸ್ತೆ ಅದರ ಮಗ್ಗುಲಲ್ಲೇ ಹಾಯ್ದಿದೆ. ಆದರೂ ನಸುಕಿನಲ್ಲಿ ನೀರು ನೀರೇ, ಕೊಕ್ಕರೆ ಕೊಕ್ಕರೆಯೇ. ಇಲ್ಲಿ ಒಂದು ಭಾಷೆಯ ವಿನೋದ ನಮ್ಮನ್ನು ಕಾದಿತ್ತು. ತಮಿಳರು ಕೆರೆಗೆ ‘ಏರಿ’ ಎನ್ನುತ್ತಾರೆ, ದಡಕ್ಕೆ ‘ಕರೈ’ ಎನ್ನುತ್ತಾರೆ. ನಮಗೋ ನೀರು ನಿಂತದ್ದು ಕೆರೆ, ಅದನ್ನು ತಡೆದು ನಿಲ್ಲಿಸಿದ ದಂಡೆ ಏರಿ. ಅಣ್ಣತಮ್ಮಂದಿರು ಪಾಲಾಗುವಾಗ ಪಾತ್ರೆ ಅದಲುಬದಲಾದಂತೆ ಎರಡು ಮಾತುಗಳು ಮನೆ ಬದಲಾಯಿಸಿಕೊಂಡಿವೆ. ಮೊದಮೊದಲು ‘ಏರಿಯಲ್ಲಿ ಮೀನಿದೆ’ ಎಂದು ಇಲ್ಲಿನವರು ಹೇಳಿದರೆ ನಮ್ಮ ಮಕ್ಕಳು ನಗುತ್ತಿದ್ದರು. ಈಗ ಅವರೇ ನಮ್ಮೊಡನೆ ಒಂದು ಅರ್ಥದಲ್ಲಿ, ಗೆಳೆಯರೊಡನೆ ಇನ್ನೊಂದು ಅರ್ಥದಲ್ಲಿ, ತಡವರಿಸದೆ ಆ ಮಾತನ್ನು ಬಳಸುತ್ತಾರೆ.

ಅಲ್ಲಿಂದ ಕುಂಡ್ರತ್ತೂರು ರಸ್ತೆ ಹಿಡಿದರೆ ದಾರಿಯಲ್ಲಿ ಕೋವೂರು ಸಿಗುತ್ತದೆ. ಮೋಟಾರಿನಲ್ಲಿ ಹೋಗುವವರಿಗೆ ಅದು ಬಸ್ಸಿನ ನಿಲುಗಡೆಯ ಒಂದು ಹೆಸರು. ಸೈಕಲ್ಲಿನವರಿಗೆ ಅದು ತ್ಯಾಗರಾಜರ ಕೋವೂರು. ಇಲ್ಲಿಯ ಸುಂದರೇಶ್ವರನ ಮೇಲೆ ಅವರು ಐದು ಕೀರ್ತನೆಗಳನ್ನು ರಚಿಸಿದ್ದಾರೆ. ಕೋವೂರು ಪಂಚರತ್ನವೆಂದು ಅವು ಪ್ರಸಿದ್ಧ. ರಾಮನನ್ನು ಬಿಟ್ಟಿರಲಾರದ ಆ ಮಹಾನುಭಾವರು ಶಿವನ ಮುಂದೆ ನಿಂತು ಹಾಡಿದ ಗುಡಿ ನಮ್ಮ ಮನೆಯಿಂದ ಅರ್ಧ ಗಂಟೆಯ ಹಾದಿ. ಸಂಘದ ಸಂಗೀತ ತರಗತಿಗೆ ಹೋಗುವ ಮಗಳು ಇವುಗಳಲ್ಲಿ ಸಹಾನ ರಾಗದ ಕೀರ್ತನೆಯನ್ನು ಕಲಿಯುತ್ತಿದ್ದಾಗ, ಊರಿನ ಹೆಸರು ಕೇಳಿ, “ಅಮ್ಮ, ಇದು ನಮ್ಮ ಕೋವೂರೇ!” ಎಂದು ಕೂಗಿಕೊಂಡಳು.

ಮುಂದೆ ಕುಂಡ್ರತ್ತೂರು. ಚಿಕ್ಕ ಗುಡ್ಡ, ಮೇಲೆ ಮುರುಗನ ಗುಡಿ. ಹನ್ನೆರಡನೆಯ ಶತಮಾನದಲ್ಲಿ ಚೋಳರ ಮಂತ್ರಿಯಾಗಿದ್ದು ‘ಪೆರಿಯ ಪುರಾಣ’ವನ್ನು ಬರೆದ ಶೇಕ್ಕಿಳಾರರ ಹುಟ್ಟೂರು ಇದು. ಅರುವತ್ತಮೂವರು ಶಿವಭಕ್ತರ ಕಥೆ ಅದರಲ್ಲಿದೆ. ಅದೇ ಪುರಾತನರನ್ನು ಹಂಪೆಯ ಹರಿಹರ ಕನ್ನಡದ ರಗಳೆಗಳಲ್ಲಿ ಕೊಂಡಾಡಿದ. ತನ್ನ ಕಣ್ಣನ್ನೇ ಕಿತ್ತು ಶಿವನಿಗಿಟ್ಟ ಬೇಡರ ಕಣ್ಣಪ್ಪನನ್ನು 1954ರ ಚಲನಚಿತ್ರದಿಂದ ಬಲ್ಲ ಕನ್ನಡಿಗರಿಗೆ, ಅವನ ಕಥೆ ಹಾಡಿದ ಕವಿಯ ಊರು ಪರಸ್ಥಳವಾದೀತು ಹೇಗೆ? ಗುಡ್ಡದ ಮೆಟ್ಟಿಲಲ್ಲಿ ಕುಳಿತು ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುವಾಗ ನಮಗೆ ಹಾಗೆನಿಸುತ್ತದೆ.

ಇಷ್ಟಾದರೂ ಈ ಸವಾರಿಗೆ ನಾವು ತೊಡಗಿದ್ದು ಕವಿಗಳಿಗಾಗಿ ಅಲ್ಲ, ನೀರಿಗಾಗಿ. 2015ರ ಡಿಸೆಂಬರ್ 1ರ ರಾತ್ರಿಯನ್ನು ಚೆನ್ನೈನ ಕನ್ನಡಿಗರು ಮರೆತಿರಲಾರರು. ವಿದ್ಯುತ್ತಿಲ್ಲ, ಟೆಲಿಫೋನಿಲ್ಲ, ನಮಗೆ ದಕ್ಷಿಣದ ಮಣಪಾಕ್ಕಂನಲ್ಲಿ ಅಡ್ಯಾರು ನದಿ ಮನೆಗಳಿಗೆ ನುಗ್ಗಿತ್ತು. ಆಗ ಹತ್ತು ವರ್ಷದವಳಾಗಿದ್ದ ಮಗಳು, “ಅಪ್ಪಾ, ಇಷ್ಟು ನೀರು ಎಲ್ಲಿಂದ ಬಂತು?” ಎಂದು ಕೇಳಿದಳು. ಬಾಯಿಮಾತಿನ ಉತ್ತರ ಸಾಲದೆಂದು ಮಳೆ ಹಿಂದಾದ ಮೇಲೆ ಮಕ್ಕಳನ್ನು ಸೈಕಲ್ಲಿನಲ್ಲಿ ಕುಂಡ್ರತ್ತೂರಿನಾಚೆಯ ಚೆಂಬರಂಬಾಕ್ಕಂ ಕೆರೆಗೆ ಕರೆದುಕೊಂಡು ಹೋದೆವು. ತುಂಬಿದರೆ ಇಪ್ಪತ್ತನಾಲ್ಕು ಅಡಿ ಆಳ, 3,645 ದಶಲಕ್ಷ ಘನ ಅಡಿ ನೀರು. ಕೆರೆ ತಾಳದೆ ಬಿಟ್ಟ ನೀರು ಅಡ್ಯಾರಿಗಿಳಿದು ಪಟ್ಟಣ ಹಾಯ್ದು ಸಮುದ್ರ ಸೇರುತ್ತದೆ. ಇದನ್ನು ಭೂಗೋಳದ ಪುಸ್ತಕವೂ ಹೇಳೀತು. ಆದರೆ ಇಳಿಜಾರು ಎತ್ತ ಕಡೆಗಿದೆಯೆಂಬುದನ್ನು ಪೆಡಲಿನ ಮೇಲಿನ ಪಾದ ಹೇಳಿದಷ್ಟು ಚೆನ್ನಾಗಿ ಯಾವ ನಕ್ಷೆಯೂ ಹೇಳಲಾರದು. ಮರಳಿ ಬರುವಾಗ ಮಕ್ಕಳು ತಾವಾಗಿಯೇ ತಗ್ಗು ಎಲ್ಲಿ, ದಿಬ್ಬ ಎಲ್ಲಿ, ಹಳ್ಳ ಮುಚ್ಚಿ ಮನೆ ಕಟ್ಟಿದ್ದು ಎಲ್ಲಿ ಎಂದು ತೋರಿಸುತ್ತ ಬಂದರು. ಅಂದಿನಿಂದ ಭಾನುವಾರದ ನಸುಕು ಬೈಸಿಕಲ್ಲಿಗೆ ಮೀಸಲಾಯಿತು.

ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮ್ಮೆಲ್ಲರಿಗೂ ಒಂದು ಅಳುಕು ಇದ್ದೇ ಇದೆ. ಇವರಿಗೆ ತಮ್ಮದೆಂಬ ಊರು ಯಾವುದು? ನಾವು ಹಾಸನದ ಕಡೆಯವರು. ಮಕ್ಕಳು ಆ ಹಳ್ಳಿಯನ್ನು ಕಂಡದ್ದು ಬೇಸಗೆಯ ರಜಕ್ಕೆ ಮಾತ್ರ. ಹುಟ್ಟಿ ಬೆಳೆದ ಪೋರೂರಾದರೋ ಶಾಲೆಯ ವ್ಯಾನಿನ ಕಿಟಕಿಯಲ್ಲಿ ಓಡಿಹೋಗುವ ಅಂಗಡಿಗಳ ಸಾಲು. ಅದೂ ದಕ್ಕಲಿಲ್ಲ, ಇದೂ ದಕ್ಕಲಿಲ್ಲವೆಂದಾದರೆ ಅವರು ನಿಲ್ಲುವುದೆಲ್ಲಿ? ಕೆಲವು ವರ್ಷಗಳ ಹಿಂದೆ ಊರಿಗೆ ಹೋಗಿದ್ದಾಗ ನಮ್ಮ ಮನೆಯ ಅಜ್ಜಿ, “ನಿಮ್ಮೂರು ಯಾವುದೇ ಪುಟ್ಟಿ?” ಎಂದು ಮಗಳನ್ನು ಪ್ರೀತಿಯಿಂದ ಕೇಳಿದರು. “ಪೋರೂರು ಅಜ್ಜಿ” ಎಂದುಬಿಟ್ಟಳು. ಅಜ್ಜಿಯ ಮುಖ ಸಣ್ಣದಾಯಿತು. ನಮಗೂ ಮಾತು ಹೊರಡಲಿಲ್ಲ. ಹುಡುಗಿ ಮಾತ್ರ ತನ್ನ ಪಾಡಿಗೆ ಕೆರೆ, ಕೊಕ್ಕರೆ, ತೂಬು, ಗುಡ್ಡದ ಗುಡಿ, ಕಣ್ಣಪ್ಪನ ಕವಿ ಎಲ್ಲವನ್ನೂ ಅಚ್ಚಕನ್ನಡದಲ್ಲಿ ವರ್ಣಿಸುತ್ತ ಕುಳಿತಳು. ಅಜ್ಜಿ ಬಹಳ ಹೊತ್ತು ಕೇಳಿ, “ಕೆರೆ ಕೋಡಿ ಬೀಳ್ತದೇನೇ?” ಎಂದರು. “ಬೀಳ್ತದಜ್ಜಿ.” “ಹಾಗಾದ್ರೆ ಅದೂ ಊರೇ ಬಿಡು!” ಎಂದು ತಲೆ ಸವರಿದರು. ಮಗಳು ಪೋರೂರಿನವಳಾದದ್ದರಿಂದ ಅಜ್ಜಿಗೆ ದೂರವಾಗಲಿಲ್ಲ. ಒಂದು ಊರನ್ನು ತನ್ನದೆಂದು ಬಲ್ಲವಳಿಗೆ ಇನ್ನೊಂದು ಊರಿನ ಬೆಲೆಯೂ ತಿಳಿಯುತ್ತದೆಂದು ನಮಗೆ ಆ ದಿನ ಸಮಾಧಾನವಾಯಿತು.

ನಿಶ್ಶಬ್ದದ ಹೊತ್ತು ವರ್ಷವರ್ಷಕ್ಕೂ ಕಿರಿದಾಗುತ್ತಿದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೊದಲು ಏಳು ಗಂಟೆಯವರೆಗೆ ನಿಶ್ಚಿಂತರಾಗಿದ್ದ ನಾವು ಈಗ ಆರೂವರೆಗೆಲ್ಲ ಮನೆಯ ಕಡೆ ಮುಖ ತಿರುಗಿಸುತ್ತೇವೆ. ಆದಕಾರಣ ಮನಸ್ಸಿದ್ದವರು ತಡಮಾಡಬಾರದು. ಹೊಸ ಸೈಕಲ್ಲೇ ಬೇಕೆಂದಿಲ್ಲ. ಬ್ರೇಕು ಹಿಡಿಯಬೇಕು, ಬೆಲ್ಲು ಬಾರಿಸಬೇಕು, ಹಿಂದೆ ಕೆಂಪು ದೀಪ ಉರಿಯಬೇಕು. ಹಿರಿಯರಲ್ಲಿ ಒಬ್ಬರು ಮುಂದೆ, ಒಬ್ಬರು ಹಿಂದೆ, ಮಕ್ಕಳು ನಡುವೆ. ಮಳೆಗಾಲ ಮುಗಿದು ಧನುರ್ಮಾಸ ಬಂದಾಗ ಹೊರಡುವುದು ಎಲ್ಲಕ್ಕಿಂತ ಚೆನ್ನ. ಆ ತಿಂಗಳನ್ನು ಇಲ್ಲಿಯವರು ಮಾರ್ಗಳಿ ಎನ್ನುತ್ತಾರೆ. ಹಳೆಯ ಬೀದಿಗಳಲ್ಲಿ ಮನೆಯ ಮುಂದೆ ದೊಡ್ಡ ರಂಗೋಲಿ, ನಡುವೆ ಸಗಣಿಯ ಉಂಡೆಯ ಮೇಲೆ ಹಳದಿ ಕುಂಬಳದ ಹೂವು, ಗುಡಿಯಿಂದ ತಿರುಪ್ಪಾವೈ. ಪ್ರಸಾದಕ್ಕೆ ನಿಂತರೆ ದೊನ್ನೆಯಲ್ಲಿ ಬಿಸಿ ಪೊಂಗಲ್ ಸಿಗುತ್ತದೆ. ನಮ್ಮ ಮಕ್ಕಳು ಅದನ್ನು ಹುಗ್ಗಿ ಎಂದೇ ಕರೆದು ತಿನ್ನುತ್ತಾರೆ.