ಅದಲು ಬದಲಾದ ಜಾತಕ

ಸುಮಾರು ದಿನ ಆಯ್ತು ಇಲ್ಲಿ ಏನೂ ಬರೆದು. ವಿಷಯ ಇರಲಿಲ್ಲ ಅಂತಲ್ಲ. ಇದ್ದ ಒಂದು ವಿಷಯವನ್ನು ಬರೆಯೋಕೆ ನಾಚಿಕೆಯಾಗಿ ಮುಂದೂಡ್ತಾ ಬಂದೆ. ಇವತ್ತು ಬರೆದು ಮುಗಿಸಿಬಿಡ್ತೀನಿ. ಸ್ವಲ್ಪ ಟೆಕ್ನಿಕಲ್ ಇದೆ, ಸಹಿಸಿಕೊಳ್ಳಿ.

ನನ್ನ ಕೆಲಸ ಕಟ್ಟಡಗಳ ಒಳಗೆ ಸೆನ್ಸರ್ ಹೂಳೋದು. ಕೂದಲಿಗಿಂತ ತುಸು ದಪ್ಪ ಇರುವ ಗಾಜಿನ ಎಳೆ, ಅಂದ್ರೆ ಆಪ್ಟಿಕಲ್ ಫೈಬರ್. ಅದರೊಳಗೆ ಕೆಲವೇ ಮಿಲಿಮೀಟರ್ ಉದ್ದಕ್ಕೆ ಅಲ್ಟ್ರಾವಯಲೆಟ್ ಬೆಳಕಿನಿಂದ ಸಣ್ಣ ಸಣ್ಣ ಗೆರೆ ಬರೆದಿರ್ತಾರೆ. ಗಾಜಿನ ಎಳೆಯಲ್ಲಿ ಬೆಳಕಿನಿಂದಲೇ ಹೀಗೆ ಗೆರೆ ಮೂಡುತ್ತೆ ಅಂತ ಮೊದಲು ಕಂಡಿದ್ದು ಕೆನಡಾದಲ್ಲಿ, ಕೆನ್ ಹಿಲ್ ಮತ್ತು ಸಂಗಡಿಗರು, 1978ರಲ್ಲಿ. ಆದರೆ ಹೆಸರು ಮಾತ್ರ 1915ರಲ್ಲಿ ನೊಬೆಲ್ ಹಂಚಿಕೊಂಡ ಬ್ರಾಗ್ ಅಪ್ಪ-ಮಗನದು: ಫೈಬರ್ ಬ್ರಾಗ್ ಗ್ರೇಟಿಂಗ್. ಒಳಗೆ ಬೆಳಕು ಬಿಟ್ಟರೆ ಈ ಗೆರೆಗಳು ಒಂದೇ ಒಂದು ಬಣ್ಣವನ್ನು ವಾಪಸ್ ಕಳಿಸ್ತವೆ, ಮಿಕ್ಕಿದ್ದು ಮುಂದೆ ಹೋಗುತ್ತೆ. ಬಿಸಿಯಾದ್ರೆ ಆ ಬಣ್ಣ ಸ್ವಲ್ಪ ಸರಿಯುತ್ತೆ. 1550 ನ್ಯಾನೋಮೀಟರ್ ಆಸುಪಾಸಿನಲ್ಲಾದ್ರೆ ಒಂದು ಡಿಗ್ರಿಗೆ ಸುಮಾರು 0.010 ನ್ಯಾನೋಮೀಟರ್. ಅಷ್ಟೇ ಕಥೆ.

ಆದರೆ ಒಂದು ತೊಡಕಿದೆ. ಯಾವ ಎರಡು ಸೆನ್ಸರೂ ಅವಳಿ ಜವಳಿ ಅಲ್ಲ. 1550 ಅಂತ ಹೇಳಿ ಮಾಡಿದ್ದು ಒಂದು 1550.110 ಇರುತ್ತೆ, ಇನ್ನೊಂದು 1550.180. ಹಾಗಾಗಿ ಪ್ರತಿ ಸೆನ್ಸರಿನ ಜೊತೆ ಒಂದು ಕಾಗದ ಬರುತ್ತೆ: 25 ಡಿಗ್ರಿಯಲ್ಲಿ ಇದರ ನಂಬರ್ ಇಷ್ಟು, ಡಿಗ್ರಿಗೆ ಇಷ್ಟು ಸರಿಯುತ್ತೆ ಅಂತ. ಕ್ಯಾಲಿಬ್ರೇಶನ್ ಶೀಟು. ನಾನು ಅದನ್ನ ಸೆನ್ಸರಿನ ಜಾತಕ ಅಂತೀನಿ. ಜಾತಕ ತಪ್ಪಿದ್ರೆ ಭವಿಷ್ಯಾನೂ ತಪ್ಪು!

ಕೆಲವು ವರ್ಷದ ಹಿಂದೆ ಒಂದು ದೊಡ್ಡ ಬುನಾದಿಯ ಕಾಂಕ್ರೀಟ್ ಹಾಕ್ತಿದ್ದರು. ದಪ್ಪ ಕಾಂಕ್ರೀಟು ಗಟ್ಟಿಯಾಗುವಾಗ ಸಿಮೆಂಟು-ನೀರಿನ ಕ್ರಿಯೆಯಿಂದ ಒಳಗೆ ಬಿಸಿಯಾಗುತ್ತೆ. ಹೊರಮೈ ಬೇಗ ತಣ್ಣಗಾಗುತ್ತೆ, ಒಳಗಿನ ಬಿಸಿ ಹೊರಬರೋಕೆ ದಿನಗಟ್ಟಲೆ ಬೇಕು. ಒಳಗೂ ಹೊರಗೂ 20 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಆದ್ರೆ ಬಿರುಕು ಬಿಡಬಹುದು ಅನ್ನೋದು ಹಳೇ ಲೆಕ್ಕ. ಅದಕ್ಕೇ ಮೇಲೆ ಕಂಬಳಿ ಹೊದಿಸಿರ್ತಾರೆ, ಬಾಣಂತಿಗೆ ಹೊದಿಸಿದ ಹಾಗೆ. ಯಾವಾಗ ತೆಗೀಬೇಕು ಅಂತ ಹೇಳೋದು ನಮ್ಮ ಸೆನ್ಸರು.

ನಾಲ್ಕನೇ ದಿನ ಸ್ಕ್ರೀನಿನ ಮೇಲೆ ಒಳಗೆ 57, ಮೇಲ್ಮೈ 45. ವ್ಯತ್ಯಾಸ 12. "ತೆಗೀರಿ" ಅಂದೆ.

ಮಾರನೇ ದಿನ ಮೇಲೆಲ್ಲಾ ಕೂದಲೆಳೆ ಬಿರುಕು.

ಬಿಲ್ಡಿಂಗು ಬೀಳುವಂಥದ್ದೇನಲ್ಲ, ರಿಪೇರಿ ಆಯ್ತು. ಆದ್ರೆ ಯಾಕಾಯ್ತು ಅಂತ ಎಲ್ಲರೂ ಕೇಳಿದ್ರು. ನಾನು ಹೇಳಿದೆ, ಸೆನ್ಸರಿಗೆ ಲೇಬಲ್ ತಪ್ಪಾಗಿ ಅಂಟಿಸಿರಬೇಕು ಅಂತ. ಲೇಬಲ್ ಅಂಟಿಸಿದ್ದು ನಮ್ಮ ಜೊತೆ ಹೊಸದಾಗಿ ಸೇರಿದ್ದ ಹುಡುಗ. "ನಾನು ಎರಡೆರಡು ಸಲ ನೋಡಿಯೇ ಅಂಟಿಸಿದ್ದು ಸಾರ್" ಅಂದ. ಯಾರು ಕೇಳ್ತಾರೆ? ಸೆನ್ಸರು ಕಾಂಕ್ರೀಟಿನಲ್ಲಿ ಹೂತುಹೋಗಿತ್ತು, ಸಾಕ್ಷಿ ಹೇಳೋಕೆ ಅದಕ್ಕೆ ಬಾಯಿಲ್ಲ. ಎರಡು ತಿಂಗಳಲ್ಲಿ ಅವನು ಕೆಲಸ ಬಿಟ್ಟ.

ಅರ್ಧ ವರ್ಷದ ಮೇಲೆ ರಿಪೋರ್ಟ್ ಬರೆಯೋಕೆ ಅಂತ ಡಬ್ಬಿಯಲ್ಲಿದ್ದ ಆ ಮೂಲ ಕಾಗದಗಳನ್ನ ತೆಗೆದೆ. ನನ್ನ ಎಕ್ಸೆಲ್ ಪಕ್ಕ ಇಟ್ಟುಕೊಂಡು ನೋಡ್ತೀನಿ, ಏಳು ಮತ್ತು ಎಂಟನೇ ಸಾಲು ಅದಲು ಬದಲು! ಪಟ್ಟಿಯಲ್ಲಿ ಆ ಎರಡು ನಂಬರ್ ಹಿಂದೆ ಮುಂದೆ ಬಂದಿದ್ವು. ಸರಿ ಮಾಡೋಣ ಅಂತ ಸೀರಿಯಲ್ ನಂಬರಿನ ಕಾಲಂ ಒಂದನ್ನೇ ಆಯ್ಕೆ ಮಾಡಿ ಸಾರ್ಟ್ ಒತ್ತಿದ್ದೆ. ನಂಬರು ಜಾಗ ಬದಲಿಸಿತು, ಜಾತಕ ಇದ್ದಲ್ಲೇ ಉಳೀತು. ನಿಜವಾದ ಲೆಕ್ಕ: ಒಳಗೆ 64, ಮೇಲ್ಮೈ 38, ವ್ಯತ್ಯಾಸ 26. ಒಂದರಲ್ಲಿ ಏಳು ಡಿಗ್ರಿ ಕಮ್ಮಿ, ಇನ್ನೊಂದರಲ್ಲಿ ಏಳು ಜಾಸ್ತಿ.

ಎಪ್ಪತ್ತು ಡಿಗ್ರಿ ತಪ್ಪಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತು. ಏಳು ಡಿಗ್ರಿ ತಪ್ಪು ಸರಿಯ ವೇಷದಲ್ಲೇ ಬಂದು ಕೂತಿತ್ತು.

ಇದಕ್ಕೆ ಉಪಾಯಗಳು ಇಲ್ಲ ಅಂತಲ್ಲ. ತಂತಿಯ ಸೆನ್ಸರುಗಳಿಗೆ 2004ರಲ್ಲೇ ಐಇಇಇ 1451.4 ಅನ್ನೋ ಸ್ಟ್ಯಾಂಡರ್ಡ್ ಬಂದಿದೆ. ಸೆನ್ಸರಿನಲ್ಲೇ ಒಂದು ಚಿಕ್ಕ ಮೆಮೊರಿ ಚಿಪ್, ಅದರಲ್ಲೇ ಜಾತಕ. ಸಿಕ್ಕಿಸಿದ ಕೂಡಲೇ ಯಂತ್ರ ಓದಿಕೊಳ್ಳುತ್ತೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲವಲ್ಲ, ಅದೇ ಕಷ್ಟ. ಹಾಗಾಗಿ ಫೈಬರಿನ ಕನೆಕ್ಟರಿನ ಮೈಯಲ್ಲೇ ಚಿಪ್ ಕೂರಿಸಿ, ಬೆಳಕಿಗೊಂದು ದಾರಿ, ಚಿಪ್ಪಿಗೆ ಪಕ್ಕದಲ್ಲೇ ಲೋಹದ ಇನ್ನೊಂದು ದಾರಿ ಮಾಡ್ತಾರೆ. ಅಥವಾ ಆರ್‌ಎಫ್‌ಐಡಿ ಟ್ಯಾಗ್, ಇಲ್ಲವೇ ಸ್ಕ್ಯಾನ್ ಮಾಡುವ ಬಾರ್‌ಕೋಡ್. ಒಂದೇ ಎಳೆಯಲ್ಲಿ ಹಲವು ಗ್ರೇಟಿಂಗ್ ಇದ್ದಾಗ ಒಂದೊಂದಕ್ಕೂ ದೂರ ದೂರದ ಬಣ್ಣ ಕೊಟ್ಟಿರ್ತಾರೆ, ಆಗ ಆ ಬಣ್ಣವೇ ಗುರುತು. ನಮ್ಮ ಆ ಎರಡು ಸೆನ್ಸರು ಬೇರೆ ಬೇರೆ ಎಳೆಯಲ್ಲಿ, ಒಂದೇ 1550ರಲ್ಲಿ ಇದ್ವು. ಯಂತ್ರಕ್ಕೆ ಎರಡೂ ಒಂದೇ.

ಈಗ ನಾವು ಚಿಪ್ ಇರುವುದನ್ನೇ ತರಿಸ್ತೀವಿ. ನಾನು ಕೈಯಿಂದ ಒಂದಂಕೀನೂ ಟೈಪ್ ಮಾಡಲ್ಲ. ಆದರೂ ಸೈಟಿನಲ್ಲಿ ಫೈಬರ್ ತುಂಡಾಗುತ್ತೆ, ಯಾರೋ ಇನ್ನೊಂದರ ಕನೆಕ್ಟರ್ ಕತ್ತರಿಸಿ ಬೆಸೆದುಬಿಡ್ತಾರೆ. ಆಗ ಚಿಪ್ ಬಹಳ ವಿಶ್ವಾಸದಿಂದ ಬೇರೆಯವರ ಜಾತಕ ಓದುತ್ತೆ. ಅದಕ್ಕೇ ಹೂಳೋ ಮುಂಚೆ ಎಲ್ಲ ಸೆನ್ಸರನ್ನೂ ಒಂದೇ ಬಕೆಟ್ ನೀರಿನಲ್ಲಿ ಮುಳುಗಿಸಿ, ಪಕ್ಕದಲ್ಲಿ ಒಂದು ಸಾದಾ ಥರ್ಮಾಮೀಟರ್ ಇಡ್ತೀನಿ. ಎಲ್ಲವೂ ಒಂದೇ ಅಂಕಿ ತೋರಿಸಬೇಕು. ಅವತ್ತು ಈ ಬಕೆಟ್ ಇಟ್ಟಿದ್ರೆ ಹತ್ತು ನಿಮಿಷದಲ್ಲಿ ಗೊತ್ತಾಗ್ತಿತ್ತು, ಒಂದು ಏಳು ಕಮ್ಮಿ, ಇನ್ನೊಂದು ಏಳು ಜಾಸ್ತಿ ಅಂತ.

ತಪ್ಪು ಗೊತ್ತಾದ ದಿನವೇ ಆಫೀಸಿನಲ್ಲಿ ಹೇಳಿದೆ. ರಿಪೋರ್ಟಿನಲ್ಲೂ ಬರೆದೆ. ಆದರೆ ಆ ಹುಡುಗನಿಗೆ ಫೋನ್ ಮಾಡೋಕೆ ಇಷ್ಟು ವರ್ಷ ಬೇಕಾಯ್ತು. ಕಳೆದ ವಾರ ಮಾಡಿದೆ. ಪೂರ್ತಿ ಕೇಳಿಸಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಲೇಬಲ್ ಫೋಟೋ ತೆಗೆದಿಟ್ಕೊಂಡಿದ್ದೆ ಸಾರ್. ನೀವು ಕೇಳಲೇ ಇಲ್ಲ" ಅಂದ.

ಬೈದಿದ್ರೆ ವಾಸಿ ಇತ್ತು ಅನ್ನಿಸ್ತು.

ನಿಮ್ಮಲ್ಲೂ ಯಾರಿಗಾದ್ರೂ ಮಾಡಬೇಕಾದ ಇಂಥ ಫೋನ್ ಬಾಕಿ ಇದ್ರೆ, ಮಾಡಿಬಿಡಿ. ಆಮೇಲೆ ಬಂದು ಇಲ್ಲಿ ಎರಡು ಸಾಲು ಬರೀರಿ.